ನಮ್ಮ ಲೈನ್ನಾಗೆ ಮಾತ್ರ ಬ್ಯಾಡ

ನವೆಂಬರ್ 11, ಸೋಮವಾರ

ಬೆಳಿಗ್ಗೆ ಆಫೀಸಿನ ಬೀಗ ತೆಗೆದಾಗ ಕಿಟಕಿಯ ಹಲಗೆಯ ಮೇಲೆ ಗುಬ್ಬಚ್ಚಿಯ ಹೆಜ್ಜೆಗಳಿದ್ದವು. ಚಿನ್ನದ ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಒಡೆದ ಗಾಜಿನ ಸಂದಿಯಿಂದ ಬಂದು ಹಿಟ್ಟಿನಂತೆ ಕೂತಿತ್ತು. ಅದರ ಮೇಲೆ ಏಳು ಹೆಜ್ಜೆ, ಆಮೇಲೆ ಏನೂ ಇಲ್ಲ. ಒರೆಸಲು ಮನಸ್ಸಾಗದೆ ಮಧ್ಯಾಹ್ನದವರೆಗೂ ಹಾಗೇ ಬಿಟ್ಟಿದ್ದೆ.

ಇವತ್ತಿನಿಂದ ನಮ್ಮ ವೆಬ್‌ಸೈಟು ತೆರೆದಿದೆ. ಗಣಿಯಲ್ಲಿ ದುಡಿದವರು, ಅವರ ಹೆಂಡಂದಿರು, ಒಟ್ಟು ಅರವತ್ಮೂರು ಜನರ ದನಿ. ಪ್ರಶ್ನೆ ಕೇಳಿದ್ದು ಟ್ರಸ್ಟಿನ ಶ್ರೀಧರ್ ಸರ್. ನಾನು ರೆಕಾರ್ಡರ್ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಅವರು ಬೆಂಗಳೂರಿಗೆ ವಾಪಸಾದ ಮೇಲೆ ಉರಿಗಾಂನ ಈ ಒಂದೇ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಲ್ಲವನ್ನೂ ಅಕ್ಷರಕ್ಕಿಳಿಸಿದೆ. ಅರವತ್ಮೂರು ಜನ ನನ್ನ ಕಿವಿಯಲ್ಲಿ ಮಾತಾಡಿದ್ದಾರೆ. ನಾನು ಅವರಲ್ಲಿ ಯಾರೊಂದಿಗೂ ಐದು ನಿಮಿಷ ಮಾತಾಡಿಲ್ಲ.

ಒಪ್ಪಿಗೆ ಫಾರ್ಮಿನ ಕೊನೆಯ ಪ್ರಶ್ನೆ ಮಾತ್ರ ನನ್ನದು: ‘ಇದನ್ನು ಯಾರು ಕೇಳಬಾರದು?’ ಹೆಚ್ಚಿನವರು ‘ಯಾರು ಬೇಕಾದ್ರೂ ಕೇಳ್ಲಿ’ ಎಂದರು. ಒಬ್ಬ ತಾತ ‘ನನ್ನ ಅಳಿಯ’ ಎಂದ. ಅಳಿಯ ಒಬ್ಬನನ್ನೇ ತಡೆಯುವ ವಿದ್ಯೆ ಇನ್ನೂ ಬಂದಿಲ್ಲ ಎಂದು ಸರ್ ನಕ್ಕರು. ಹನ್ನೊಂದು ಜನ ಮಾತ್ರ ಒಂದೇ ಉತ್ತರ ಕೊಟ್ಟರು: ಲೋಕವೆಲ್ಲ ಕೇಳಲಿ, ನಮ್ಮ ಊರಿನವರು ಬೇಡ.

ಅದಕ್ಕೆ ಸರ್ ಒಂದು ದಾರಿ ಮಾಡಿದ್ದಾರೆ. ಇಂಟರ್ನೆಟ್ಟಿಗೆ ಬರುವ ಪ್ರತಿ ಸಂಪರ್ಕಕ್ಕೂ ಐಪಿ ಅಡ್ರೆಸ್ ಎಂಬ ಅಂಕಿಗಳ ವಿಳಾಸ ಇರುತ್ತದೆ. ಯಾವ ಅಂಕಿ ಯಾವ ಊರಿನದು ಎಂಬ ಪಟ್ಟಿ ಇದೆ. ಕೆಜಿಎಫ್, ಬಂಗಾರಪೇಟೆಯ ಅಂಕಿ ಹೊತ್ತು ಬಂದವರಿಗೆ ಆ ಹನ್ನೊಂದು ತೆರೆಯುವುದಿಲ್ಲ. ನಮ್ಮ ಆಫೀಸಿನ ಕಂಪ್ಯೂಟರಿಗೆ ಮಾತ್ರ ವಿನಾಯಿತಿ. ಉಳಿದವರಿಗೆ ಒಂದು ಸಾಲು ಕಾಣುತ್ತದೆ. ಅದನ್ನು ಬರೆಯಲು ನನಗೆ ಒಂದು ಗಂಟೆ ಹಿಡಿಯಿತು: ‘ಕ್ಷಮಿಸಿ, ಈ ದನಿ ನೀವಿರುವ ಊರಿನಲ್ಲಿ ಕೇಳಿಸುವುದಿಲ್ಲ.’

ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪರೀಕ್ಷಿಸಿದೆ. ತೆರೆಯಲಿಲ್ಲ, ನನ್ನ ಸಾಲೇ ಬಂತು. ಸರ್‌ಗೆ ಫೋನ್ ಮಾಡಿ ಹೇಳಿದೆ. ಏನು ಹೇಳಬೇಕೆಂದು ಯಾವಾಗಲೂ ಮಾಡುವಂತೆ ಮೊದಲು ಚೀಟಿಯಲ್ಲಿ ಬರೆದುಕೊಂಡಿದ್ದೆ, ನಾಲ್ಕು ವಾಕ್ಯ. ಮೂರನ್ನು ಹೇಳಿದೆ.

ದಿನದಲ್ಲಿ ಆಡಿದ ಬೇರೆ ಮಾತು ಇಷ್ಟೇ: ಬೆಳಿಗ್ಗೆ ಕಂಡಕ್ಟರಿಗೆ ‘ಉರಿಗಾಂ ಒಂದು’. ಸಂಜೆ ಮನೆಗೆ ‘ಕ್ಯಾಸಂಬಳ್ಳಿ ಒಂದು’.

ನವೆಂಬರ್ 13, ಬುಧವಾರ

ಮಾರಿಯಮ್ಮ ಬಂದಿದ್ದರು. ಚಾಂಪಿಯನ್ ರೀಫ್ಸ್‌ನ ಲೈನಿನಿಂದ, ಗಣಿ ಕಾರ್ಮಿಕರ ಸಾಲುಮನೆಗಳಿಂದ, ನಡೆದೇ ಬಂದರಂತೆ, ಎಪ್ಪತ್ತರ ಮೇಲಿನ ವಯಸ್ಸಿನಲ್ಲಿ. ಹನ್ನೊಂದು ಜನರಲ್ಲಿ ಅವರೂ ಒಬ್ಬರು, ನಮ್ಮ ಪಟ್ಟಿಯಲ್ಲಿ ನಲವತ್ತೊಂದು. ಹೆಸರು ಹಾಕಬೇಡಿ ಎಂದಿದ್ದರಿಂದ ‘ಒಬ್ಬ ಹೆಂಗಸು, ಚಾಂಪಿಯನ್ ರೀಫ್ಸ್’ ಎಂದಷ್ಟೇ ಇದೆ.

“ಇವತ್ತು ಕೊಳಾಯಿನಾಗೆ ನೀರಿಲ್ಲ ಕಣ್ಣು, ನಾಳೆ ಸಾಯಂಕಾಲ ಆರಕ್ಕೆ. ದಿನಾ ಬಿಟ್ಟು ದಿನ. ಅದ್ಕೇ ಬಿಡುವಾಯ್ತು, ಬಂದೆ,” ಎನ್ನುತ್ತ ಕೂತರು. ಸೆರಗಿನ ಗಂಟಿನಿಂದ ನಾಲ್ಕು ಮುರುಕ್ಕು ತೆಗೆದು ಕೀಬೋರ್ಡಿನ ಪಕ್ಕದಲ್ಲಿಟ್ಟರು.

“ನಮ್ ಲೈನ್ನಾಗೆ ಕೇಳ್ಸಾಕಿಲ್ಲ ಅಲ್ವಾ?”

“ಇಲ್ಲ ಪಾಟಿ.” ಲೈನಿನ ಅಜ್ಜಿಯರನ್ನು ಎಲ್ಲರೂ ಕರೆಯುವುದು ಹಾಗೇ.

“ಯಂಗೆ ಗೊತ್ತಾಗ್ತದೆ ಅದುಕ್ಕೆ, ಇವ್ರು ನಮ್ ಲೈನ್ನೋರು ಅಂತ?”

ವಿವರಿಸಿದೆ. ಪ್ರತಿಯೊಂದಕ್ಕೂ ಒಂದು ನಂಬರ್ ಇರುತ್ತದೆ, ನಂಬರ್ ನೋಡಿ ಊರು ತಿಳಿಯುತ್ತದೆ ಎಂದೆ.

“ಟೋಕನ್ ತರಾನಾ?”

“ಹೂಂ, ಹಾಗೇ ಅಂದ್ಕೊಳ್ಳಿ.”

“ನಂಬರು ಸುಳ್ಳು ಏಳಾಕಿಲ್ವಾ?”

“ಹೇಳಲ್ಲ ಪಾಟಿ,” ಎಂದೆ.

ನನ್ನ ತಲೆಯ ಮೇಲೆ ಕೈಯಿಟ್ಟರು. ಒರಟು ಅಂಗೈ. ಅವರು ಹೋದ ಮೇಲೂ ಬಹಳ ಹೊತ್ತು ಅದರ ಭಾರ ಅಲ್ಲೇ ಇದ್ದಂತಿತ್ತು.

ನವೆಂಬರ್ 15, ಶುಕ್ರವಾರ

ಯಾಕೋ ನಲವತ್ತೊಂದನ್ನು ಮತ್ತೆ ಕೇಳಿದೆ. ಅಕ್ಷರಕ್ಕಿಳಿಸುವಾಗ ಕೈ ಕೆಲಸ ಮಾಡುತ್ತದೆ, ಮನಸ್ಸಿಗೆ ಪೂರ್ತಿ ತಟ್ಟುವುದಿಲ್ಲ. ಇವತ್ತು ತಟ್ಟಿತು. ಇಲ್ಲಿ ಬರೆದಿಡುತ್ತೇನೆ.

ಗಣಿಗೆ ಇಳಿಯುವ ಪ್ರತಿಯೊಬ್ಬನೂ ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದು ಮತ್ತೆ ನೇತುಹಾಕಬೇಕು. ಅದೇ ಟೋಕನ್. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ.

ಗಣಿ ಮುಚ್ಚುವುದಕ್ಕೆ ಆರೇಳು ವರ್ಷ ಮೊದಲು. ಮಾರಿಯಮ್ಮನ ಗಂಡ ಸೆಲ್ವರಾಜ್ ಆ ದಿನ ತಂಗಿಯ ಗಂಡಿನ ಮನೆಯವರನ್ನು ನೋಡಲು ಹೋಗಬೇಕಿತ್ತು. ಮೇಸ್ತ್ರಿ ಕದಿರಪ್ಪ ರಜೆ ಕೊಡಲಿಲ್ಲ. ಬೆಳಗಿನ ಜಾವ ಮಾರಿಯಮ್ಮನೇ ನಾಲ್ಕು ಮನೆ ಆಚೆಯ ಕುಪ್ಪುಸ್ವಾಮಿಯನ್ನು ಕೊಳಾಯಿಯ ಬಳಿ ತಡೆದು ಕೇಳಿದಳು: ಇವತ್ತು ಒಂದು ದಿನ ನಮ್ಮವರ ಟೋಕನ್‌ನಲ್ಲಿ ಇಳೀತೀಯಾ ಅಣ್ಣ? ಅವನಿಗೆ ಅಂದು ವಾರದ ರಜೆ. ಹೆಂಡತಿ ಬೈಯುತ್ತಾಳೆಂದು ಅವಳಿಗೆ ಬಂಗಾರಪೇಟೆಗೆ ಹೋಗಿ ಬರುತ್ತೇನೆಂದು ಹೇಳಿ ಇಳಿದ.

ಹನ್ನೊಂದು ಗಂಟೆಗೆ ನೆಲ ನಡುಗಿ ಗೂಡಿನ ಪಾತ್ರೆಗಳು ಬಿದ್ದವು. ಸೈರನ್. ಲೈನಿನ ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದರು. ಉಳಿದವರೆಲ್ಲ ಮೇಲೆ ಬಂದ ಮೇಲೆ ಹಲಗೆಯಲ್ಲಿ ಖಾಲಿ ಉಳಿದದ್ದು ಒಂದೇ ಮೊಳೆ, ಸೆಲ್ವರಾಜನದು. ಎಲ್ಲರೂ ಮಾರಿಯಮ್ಮನ ಕಡೆ ತಿರುಗಿದರು. ಮೊದಲು ಬಂದು ತಬ್ಬಿಕೊಂಡವಳು ಇಂದ್ರಾಣಿ, ಕುಪ್ಪುಸ್ವಾಮಿಯ ಹೆಂಡತಿ.

ಹದಿನಾಲ್ಕನೇ ನಿಮಿಷದಿಂದ ಮಾರಿಯಮ್ಮನ ದನಿ ಸಣ್ಣದಾಗುತ್ತದೆ. “ನಾಕು ಗಂಟೆ. ನಾಕು ಗಂಟೆ ಅವಳ್ ತೊಡೆ ಮ್ಯಾಲೆ ನನ್ ತಲೆ. ನೆತ್ತಿಗೆ ನೀರು ತಟ್ಟೋಳು, ಸೋಡಾ ಕುಡಿಸೋಳು. ‘ಅಳಬ್ಯಾಡ ಅಕ್ಕ, ಬತ್ತಾರೆ’ ಅನ್ನೋಳು. ಕೆಳಗೆ ಇರೋದು ಅವಳ್ ಗಂಡ. ನಂಗೆ ಗೊತ್ತು. ಬಾಯಿ ತೆರೀಲಿಲ್ಲ ನಾನು. ಬದುಕಿ ಬತ್ತಾನೇನೋ ಅಂತ ಆಸೆ, ಬಂದ್ರೆ ಏಳೋ ಅಂಗೇ ಇಲ್ವಲ್ಲ ಅಂತ. ಸಾಯಂಕಾಲ ಮ್ಯಾಕೆ ತಂದ್ರು. ಮುಖದ ಬಟ್ಟೆ ತೆಗೆದೋಳು ಅವಳೇ.”

ಸೆಲ್ವರಾಜ್ ಬಾರದ್ದಕ್ಕೆ ಮೇಸ್ತ್ರಿಯೇ ಕುಪ್ಪುಸ್ವಾಮಿಯನ್ನು ಬಲವಂತವಾಗಿ ಇಳಿಸಿರಬೇಕು ಎಂದು ಲೈನೆಲ್ಲ ಮಾತಾಯಿತು. ಮೇಸ್ತ್ರಿ ಅಲ್ಲ ಎಂದರೂ ಯಾರೂ ನಂಬಲಿಲ್ಲ. ಇಂದ್ರಾಣಿ ಇವತ್ತಿಗೂ ಕದಿರಪ್ಪನ ಮನೆ ಮುಂದೆ ಹೋಗುವಾಗ ಉಗಿಯುತ್ತಾಳೆ. ಸೆಲ್ವರಾಜ್ ಬಾಯಿ ಬಿಡದೆಯೇ ತೀರಿಕೊಂಡ. ಮಾರಿಯಮ್ಮ ಮೂವತ್ತು ವರ್ಷ ಇಂದ್ರಾಣಿಯ ಜೊತೆ ಒಂದೇ ಕೊಳಾಯಿಯಲ್ಲಿ ನೀರು ಹಿಡಿದಿದ್ದಾಳೆ.

ಯಾಕೆ ಹೇಳುತ್ತಿದ್ದೀರಿ ಎಂದು ಸರ್ ಕೇಳಿದ್ದಕ್ಕೆ: “ನಾನು ಸತ್ತ ಮ್ಯಾಕೆ ಸುಳ್ಳೊಂದೇ ಉಳೀಬಾರ್ದು ಸಾಮಿ. ಎಲ್ಲಾರಾ ಒಂದ್ ಕಡೆ ನಿಜ ಇರ್ಲಿ. ನಮ್ಮ ಲೈನ್ನಾಗೆ ಮಾತ್ರ ಬ್ಯಾಡ.”

ನವೆಂಬರ್ 17, ಭಾನುವಾರ

ಅಮ್ಮ ಹಸು ಕರೆಯುತ್ತ, “ಯಾಕ್ಲೇ ಶಶಿ, ಮನೇನಾಗೆ ಇದ್ದೀಯೋ ಇಲ್ವೋ ಗೊತ್ತೇ ಆಗಾಕಿಲ್ವಲ್ಲ!” ಎಂದಳು. ನನ್ನ ಕೆಲಸ ಏನೆಂದು ಯಾರೋ ಹಾಲಿನ ಡೈರಿಯಲ್ಲಿ ಕೇಳಿದರಂತೆ. “ಬ್ಯಾರೇರ ಮನೆ ಮಾತು ಕೇಳೋದು ಅಂದೆ. ಅದ್ಕೆ ಎಂ.ಎ. ಬೇಕಾಗಿತ್ತಾ? ಕೊಳಾಯಿ ತಾವ ಬಿಂದಿಗೆ ಇಕ್ಕಂಡು ನಿಂತಿದ್ರೆ ಪುಕ್ಸಟ್ಟೆ ಕೇಳಿಸ್ತಿತ್ತು.”

ನಗು ಬಂತು. ಅವಳಿಗೆ ಕಾಣಲಿಲ್ಲ.

ನವೆಂಬರ್ 20, ಬುಧವಾರ

ಸೈಟಿಗೆ ಬಂದವರ ದಾಖಲೆ ನೋಡುವುದು ಅಭ್ಯಾಸವಾಗಿದೆ. ಅಂಕಿಯ ವಿಳಾಸ, ಊರು, ಯಾವ ದನಿ, ಎಲ್ಲಿಂದ ಎಲ್ಲಿಯವರೆಗೆ ಕೇಳಿದರು ಎಂಬುದೆಲ್ಲ ಬಿದ್ದಿರುತ್ತದೆ. ಹೆಚ್ಚಿನವರು ಎರಡು ನಿಮಿಷ ಕೇಳಿ ಹೋಗುತ್ತಾರೆ.

ಒಬ್ಬರು ಮಾತ್ರ ಬೇರೆ ಥರ. ಊರು ಬೆಂಗಳೂರು ಎಂದಿದೆ. ಹದಿನಾಲ್ಕನೇ ತಾರೀಖು ಮೊದಲ ಸಲ ಬಂದು ನಲವತ್ತೊಂದನ್ನು ಪೂರ್ತಿ ಕೇಳಿದ್ದಾರೆ. ಆಮೇಲೆ ಹದಿನಾರು, ಹದಿನೆಂಟು. ಹದಿನಾಲ್ಕನೇ ನಿಮಿಷದಿಂದ ಮಾತ್ರ. ಸಂಜೆ ಐದೂ ಮುಕ್ಕಾಲರ ಸುಮಾರಿಗೆ.

ಇವತ್ತು ಐದೂವರೆಯ ಬಸ್ಸು ಬಿಟ್ಟು ಕಾದೆ. ಐದು ನಲವತ್ತೆರಡಕ್ಕೆ ಬಂದರು! ನಾನೂ ಹೆಡ್‌ಫೋನ್ ಹಾಕಿಕೊಂಡು ಅದೇ ನಿಮಿಷದಿಂದ ಹಚ್ಚಿದೆ. ‘ನಾಕು ಗಂಟೆ’ ಎನ್ನುವಾಗ ಆ ಕಡೆಯೂ ಯಾರೋ ಅದನ್ನೇ ಕೇಳುತ್ತಿದ್ದರು. ಹುಡುಗಿ ಇರಬೇಕು. ಯಾವುದೋ ಪಿ.ಜಿ.ಯ ಕಿಟಕಿ ಪಕ್ಕ, ಕೆಲಸ ಮುಗಿಸಿ ಬಂದು ಬಟ್ಟೆಯನ್ನೂ ಬದಲಿಸದೆ ಕೂತು ಕೇಳುತ್ತಿರಬೇಕು. ಜೊತೆಗೆ ಒಬ್ಬರು ಇದ್ದಂತಾಯಿತು.

ನವೆಂಬರ್ 22, ಶುಕ್ರವಾರ

ಬಂದರು. ಎರಡು ಸಲ ಕೇಳಿದರು.

ನವೆಂಬರ್ 23, ಶನಿವಾರ

ಆರೂವರೆಯವರೆಗೂ ಕಾದೆ. ಬರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್, “ಏನ್ ಮೇಡಂ, ಈಚೆಗೆ ಲೇಟು?” ಎಂದ. ತಲೆಯಾಡಿಸಿದೆ.

ನವೆಂಬರ್ 24, ಭಾನುವಾರ

ಮಧ್ಯಾಹ್ನ ಕೊಟ್ಟಿಗೆಯ ಪಕ್ಕ ಕೂತು, ಸುಮ್ಮನೆ, ನಾನು ಬರೆದ ಆ ಸಾಲು ಫೋನಿನಲ್ಲಿ ಹೇಗೆ ಕಾಣುತ್ತದೆಂದು ನೋಡಲು ನಲವತ್ತೊಂದನ್ನು ಒತ್ತಿದೆ. ಸಾಲು ಬರಲಿಲ್ಲ. ಮಾರಿಯಮ್ಮ ಮಾತಾಡತೊಡಗಿದರು. ಕ್ಯಾಸಂಬಳ್ಳಿಯಲ್ಲಿ, ನಮ್ಮ ಹಸುಗಳ ಮುಂದೆ.

ಮುಚ್ಚಿ ಮತ್ತೆ ತೆರೆದೆ. ಮತ್ತೆ ಮಾತಾಡಿದರು. ಉಳಿದ ಹತ್ತೂ ತೆರೆದವು.

ಜೆರಾಕ್ಸ್ ಅಂಗಡಿಯಲ್ಲಿ ಮಾತ್ರ ಪರೀಕ್ಷಿಸಿದ್ದೆ. ಅಲ್ಲಿರುವುದು ಕೇಬಲ್‌ನವರ ನೆಟ್. ನನ್ನ ಕೈಯಲ್ಲೇ ಇದ್ದ ಫೋನನ್ನು ಒಂದು ಸಲವೂ ನೋಡಲಿಲ್ಲ.

ನವೆಂಬರ್ 25, ಸೋಮವಾರ

ಸರ್‌ಗೆ ಫೋನ್ ಮಾಡಿದೆ. ಚೀಟಿಯಲ್ಲಿ ಆರು ವಾಕ್ಯ ಬರೆದಿದ್ದೆ. ಎರಡನೆಯದಕ್ಕೇ ಅವರು, “ಹೌದಲ್ವಾ, ಮೊಬೈಲ್ ನೆಟ್ ಹಾಗೇನೇ,” ಎಂದರು. ಕಂಪನಿಗಳು ಸಾವಿರಾರು ಫೋನುಗಳನ್ನು ಒಂದೇ ವಿಳಾಸದಿಂದ ಹೊರಗೆ ಬಿಡುತ್ತವಂತೆ. ಆ ವಿಳಾಸ ಪಟ್ಟಿಯಲ್ಲಿ ಬೆಂಗಳೂರಿನದೆಂದು ಇರುತ್ತದಂತೆ. ಫೋನು ಕೆಜಿಎಫ್‌ನಲ್ಲಿದ್ದರೂ ಬೆಂಗಳೂರಿನಿಂದ ಬಂದಂತೆಯೇ ಕಾಣುತ್ತದೆ.

“ಅದನ್ನೂ ತಡೆದ್ರೆ ಬೆಂಗಳೂರಿಗೇ ಕೇಳಿಸಲ್ಲ. ಯಾರು ಅಷ್ಟು ಹುಡುಕ್ಕೊಂಡು ಬಂದು ಕೇಳ್ತಾರೆ ಶಶಿರೇಖ? ಬಿಟ್ಬಿಡಿ. ತೀರಾ ಬೇಡ ಅನ್ಸಿದ್ರೆ ಹನ್ನೊಂದನ್ನೂ ಪೂರ್ತಿ ಮುಚ್ಚಿಬಿಡಿ, ನಿಮಗೇ ಬಿಟ್ಟಿದ್ದು.”

ಹತ್ತನ್ನು ಕೂಡಲೇ ಮುಚ್ಚಿದೆ. ನಲವತ್ತೊಂದರ ಮೇಲೆ ಬೆರಳು ನಿಂತಿತು. ನಾಳೆಯೋ ನಾಡಿದ್ದೋ ಸಂಜೆ ಅವರು ಬರುತ್ತಾರಲ್ಲ. ಬಂದು, ಬಾಗಿಲು ಮುಚ್ಚಿದ್ದು ಕಂಡರೆ?

ನನಗಾಗಿ ಅದನ್ನು ಮುಚ್ಚದೆ ಬಿಟ್ಟೆ. ಅದನ್ನು ಇಲ್ಲಿಯಾದರೂ ಒಪ್ಪಿಕೊಳ್ಳಬೇಕು.

ನವೆಂಬರ್ 27, ಬುಧವಾರ

ಹದಿನಾಲ್ಕು, ಹದಿನಾರು, ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ನಾಲ್ಕು, ನಿನ್ನೆ ಇಪ್ಪತ್ತಾರು. ದಿನ ಬಿಟ್ಟು ದಿನ. ಒಂದು ಸಲವೂ ಆರು ಗಂಟೆ ದಾಟಿಲ್ಲ.

‘ನಾಳೆ ಸಾಯಂಕಾಲ ಆರಕ್ಕೆ. ದಿನಾ ಬಿಟ್ಟು ದಿನ.’ ಮಾರಿಯಮ್ಮ ಅದನ್ನು ಹೇಳಿದ್ದು ಹದಿಮೂರನೇ ತಾರೀಖು.

ಬೆಂಗಳೂರಿನಲ್ಲಿ ಯಾವ ಹುಡುಗಿಯೂ ಇಲ್ಲ. ನೀರು ಬರುವ ದಿನ, ನೀರು ಬರುವುದಕ್ಕೆ ಮುಂಚೆ, ಕೊಳಾಯಿಯ ಬಳಿ ಮಾರಿಯಮ್ಮನ ಮುಖ ನೋಡಬೇಕಾದವರು ಯಾರೋ ಅದನ್ನು ಕೇಳಿ ಎದ್ದು ಹೋಗುತ್ತಿದ್ದಾರೆ.

ನವೆಂಬರ್ 28, ಗುರುವಾರ

ಚಾಂಪಿಯನ್ ರೀಫ್ಸ್‌ಗೆ ಹೋದೆ. ಯಾಕೆ ಹೋಗುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ. ಆಟೋದವನು ಯಾವ ಲೈನು ಎಂದು ಕೇಳಿದ್ದಕ್ಕೆ ದಾರಿಯನ್ನೂ ಹೇಳಿದೆ, ಬಾಡಿಗೆಗೂ ಚೌಕಾಸಿ ಮಾಡಿದೆ.

ಐದೂಮುಕ್ಕಾಲು. ಕೊಳಾಯಿಯ ಮುಂದೆ ಬಿಂದಿಗೆಗಳು ಸಾಲಾಗಿದ್ದವು, ಮನುಷ್ಯರಿಲ್ಲ. ಇಲ್ಲಿ ಬಿಂದಿಗೆ ಇಟ್ಟರೆ ಮನುಷ್ಯ ನಿಂತಂತೆಯೇ. ಲೈನಿನ ಕೊನೆಯ ಹೊಸಿಲ ಮೇಲೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ತುಟಿ ಅಲುಗುತ್ತಿರಲಿಲ್ಲ. ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಕೇಳುತ್ತಿದ್ದಳು.

ನೀರು ಬಂತು. ಫೋನನ್ನು ರವಿಕೆಗೆ ಸಿಕ್ಕಿಸಿ ಎದ್ದಳು. ಮೂರನೆಯ ಬಿಂದಿಗೆ ತುಂಬಿದ ಮೇಲೆ ಅದನ್ನು ಸೊಂಟಕ್ಕೇರಿಸಿ ತನ್ನ ಮನೆ ದಾಟಿ, ನಾಲ್ಕು ಮನೆ ಆಚೆ ಮಾರಿಯಮ್ಮನ ಬಾಗಿಲಲ್ಲಿಟ್ಟು ಒಂದು ಮಾತೂ ಇಲ್ಲದೆ ತಿರುಗಿ ಬಂದಳು.

ಮಾರಿಯಮ್ಮ ನನ್ನನ್ನು ಕಂಡು ಒಳಗೆ ಕರೆದರು. ಚಾಪೆ ಹಾಸಿದರು, ಕಾಫಿ ಕೊಟ್ಟರು. ಪಿಸುಮಾತಿನಲ್ಲಿ ಹೇಳಿದರು. ಲೈನಿನ ಎರಡು ಮನೆಗಳಿಗೆ ಒಂದೇ ಗೋಡೆ.

“ನೋಡಿದ್ಯಾ ಕಣ್ಣು? ಹದಿನೈದ್ ದಿವ್ಸ ಆಯ್ತು, ಇಂದ್ರಾಣಿನೇ ತಂದಿಡ್ತಾಳೆ. ಮೊದ್ಲು ವಟವಟ ಅಂತ ತಲೆ ತಿನ್ನೋಳು. ಈಗ ಮಾತಿಲ್ಲ. ಮೊನ್ನೆ ಆ ಮೇಸ್ತ್ರಿ ಮನೆ ಬಾಗ್ಲಾಗೆ ನಿಂತಿದ್ಲಂತೆ. ಉಗೀಲಿಲ್ವಂತೆ. ಹಾಸಿಗೆ ಇಡಿದವ್ನೆ ಅವ್ನು, ಒಳಕ್ಕೆ ಓಗಿ ನೋಡ್ಕೊಂಡು ಬಂದ್ಲಂತೆ. ನಂಗೆ ಭಯ ಆಗ್ತದೆ. ನಿದ್ದೆ ಬರಾಕಿಲ್ಲ. ಏನಾರಾ ಗೊತ್ತಾಗಿರ್ಬೋದಾ?”

ಕಾಫಿ ಲೋಟ ಬಿಸಿಯಿತ್ತು. ಅದನ್ನೇ ಹಿಡಿದುಕೊಂಡೆ.

“ಥೂ, ಯಂಗೆ ಗೊತ್ತಾಗ್ತದೆ,” ತಾವೇ ಉತ್ತರ ಹೇಳಿಕೊಂಡರು. “ನೀನು ಮಾತು ಕೊಟ್ಟಿದ್ದೀಯ. ನೀನೊಬ್ಳೇ ಕಣಮ್ಮ ನಂಗೆ ಇರೋದು. ಇದನ್ನ ಏಳ್ಕೊಳ್ಳಾಕೆ ಬ್ಯಾರೆ ಯಾರವ್ರೆ?” ನನ್ನ ತಲೆಯನ್ನು ಎಳೆದು ಭುಜಕ್ಕೆ ಒರಗಿಸಿಕೊಂಡರು. “ಯಾಕೆ ಕಣ್ಣು ಇಂಗೆ ಸೊರಗಿದ್ದೀಯ? ಯಾರಾನಾ ಏನಾನಾ ಅಂದ್ರಾ?” ಎಂದು ನೆತ್ತಿ ಸವರಿದರು.

ನಾನು ಬಾಯಿ ತೆರೆಯಲಿಲ್ಲ.

ಹೊರಗೆ ಬಂದಾಗ ಕತ್ತಲಾಗುತ್ತಿತ್ತು. ಇಂದ್ರಾಣಿ ತನ್ನ ಬಿಂದಿಗೆ ತೊಳೆಯುತ್ತಿದ್ದಳು.

“ಏಯ್, ನೀನೇನಾ ರೆಕಾರ್ಡ್ ಮಾಡೋ ಪೊಣ್ಣು?”

“ಹೂಂ ಅಕ್ಕ.”

“ಹೆಸ್ರು ಆಕಿಲ್ಲ ಅಂದ್ರೆ ದನಿ ಗೊತ್ತಾಗಾಕಿಲ್ವಾ? ನಮ್ಮಾತನ ಸುದ್ದಿ ಯಾರಾರಾ ಏಳವ್ರಾ ಅಂತ ಒಂದೊಂದೇ ಒತ್ಕೊಂಡು ಬಂದೆ. ಇದು ಸಿಕ್ತು.” ಹುಣಸೆಹಣ್ಣಿನಿಂದ ಬಿಂದಿಗೆಯ ಕಂಠ ತಿಕ್ಕಿದಳು. “ಮೂವತ್ ವರ್ಷ ಆ ಮುದುಕನ ಮನೆಗೆ ಉಗಿದಿದೀನಿ. ಈಗ ಯಾರಿಗೆ ಉಗೀಲಿ, ನೀನೇ ಏಳು.”

“ನೀರು ಯಾಕೆ ತಂದಿಡ್ತೀರಿ ಅಕ್ಕ?” ಎಂದೆ. ಕೇಳಿದ್ದು ನಾನೇನಾ ಎನಿಸಿತು.

“ಇನ್ನೇನು ಮಾಡ್ಲಿ? ಬೈದ್ರೆ ಅಲ್ಲಿಗೆ ಮುಗೀತದೆ. ಬಿಂದಿಗೆ ಇಡೋವಾಗ ಒಂದ್ ದಿನ ಅವಳಾಗೇ ಬಾಯಿ ಬಿಡ್ತಾಳೇನೋ ಅಂತ ಕಾಯ್ತಾ ಇದೀನಿ. ನಾನು ಕೇಳಿದೀನಿ ಅಂತ ಅವಳಿಗೆ ಏಳ್ಬ್ಯಾಡ. ಮಿಷಿನ್ಗೆ ಏಳವ್ಳೆ, ಲೋಕಕ್ಕೆ ಏಳವ್ಳೆ. ನನಗೆ ಏಳ್ಲಿ.”

“ಹೇಳಲ್ಲ,” ಎಂದೆ.

ಒಂದೇ ಸಂಜೆ, ನಾಲ್ಕು ಮನೆಗಳ ಅಂತರದಲ್ಲಿ, ಇಬ್ಬರೂ ನನ್ನನ್ನು ನಂಬಿದರು.

ನವೆಂಬರ್ 29, ಶುಕ್ರವಾರ

ಕಿಟಕಿಯ ಒಡೆದ ಗಾಜಿಗೆ ರಟ್ಟು ಹಚ್ಚೋಣವೆಂದು ತಂದಿದ್ದೆ. ಹಲಗೆಯ ಮೇಲೆ ಮತ್ತೆ ಹೆಜ್ಜೆಗಳಿದ್ದವು. ಹಚ್ಚಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರಿಗೆ ಮಗಳು ಹುಟ್ಟಿದ್ದಾಳಂತೆ. ಹೆಸರು ಕೇಳಿದ. ಎರಡು ಹೇಳಿದೆ, ಎರಡೂ ಹಳೆಯವು ಎಂದ. ಉರಿಗಾಂ ಬರುವವರೆಗೂ ವಾದ ಮಾಡಿದೆವು.

ಇಡೀ ದಿನ ನಿನ್ನೆಯದೇ ಯೋಚನೆ. ಆ ಭುಜದ ಮೇಲೆ ತಲೆಯಿಟ್ಟು ನಾನು ಕೂತದ್ದು ಅರ್ಧ ಗಂಟೆ ಇರಬಹುದು. ನೆತ್ತಿ ಸವರುವ ಕೈಯ ಕೆಳಗೆ, ಗೊತ್ತಿದ್ದೂ ಸುಮ್ಮನಿರುವುದು ಎಷ್ಟು ಸುಲಭ! ಒಂದೊಂದು ನಿಮಿಷ ಕಳೆದಂತೆ ಮುಂದಿನ ನಿಮಿಷದಲ್ಲಿ ಹೇಳುವುದು ಇನ್ನಷ್ಟು ಕಷ್ಟ. ನಾಲ್ಕು ಗಂಟೆ ಹೀಗೇ ಆಗಿರಬೇಕು. ಮೂವತ್ತು ವರ್ಷವೂ ಹೀಗೇ.

ಇಂದ್ರಾಣಿಯ ಮಾತು ಇಂದ್ರಾಣಿಯದು. ಅದನ್ನು ನಾನು ಹೇಳುವಂತಿಲ್ಲ. ಆದರೆ ಸುಳ್ಳು ಹೇಳಿದ ನಂಬರು ನನ್ನದು. ಅದು ಸುಳ್ಳು ಹೇಳುವುದಿಲ್ಲ ಎಂದವಳು ನಾನು. ನನ್ನ ಪಾಲಿನದನ್ನು ಹೇಳಲು ಯಾರ ಅಪ್ಪಣೆಯೂ ಬೇಡ. ನಾನು ಪರೀಕ್ಷಿಸಿದ್ದು ಸಾಲಲಿಲ್ಲ ಪಾಟಿ, ಲೈನಿನಲ್ಲೂ ಕೇಳಿಸುತ್ತದೆ, ಈ ಹದಿನೈದು ದಿನದಲ್ಲಿ ಯಾರು ಬೇಕಾದರೂ ಕೇಳಿರಬಹುದು. ಅಷ್ಟೇ. ಆಮೇಲೆ ಅವರು ಎದ್ದು ನಾಲ್ಕು ಮನೆ ನಡೆಯುತ್ತಾರೋ, ನನ್ನನ್ನು ಬಾಗಿಲಿನಿಂದ ಆಚೆ ಹಾಕುತ್ತಾರೋ. ಹಾಕಿದರೆ ಆ ಕೈ ಇನ್ನು ನನ್ನ ತಲೆಯ ಮೇಲೆ ಬರುವುದಿಲ್ಲ.

ಐದೂವರೆಗೆ ನಲವತ್ತೊಂದನ್ನು ಮುಚ್ಚಿದೆ. ಲೋಕಕ್ಕೂ, ಬೆಂಗಳೂರಿಗೂ, ಕೊನೆಯ ಮನೆಯ ಹೊಸಿಲಿಗೂ. ಮತ್ತೆ ತೆರೆಯಬೇಕೋ ಬೇಡವೋ ಎಂದು ಮಾರಿಯಮ್ಮನೇ ಹೇಳಬೇಕು.

ನಾಳೆ ನೀರು ಬರುವ ದಿನ. ಆರಕ್ಕೆ ಮುಂಚೆ, ಇಂದ್ರಾಣಿ ಬಿಂದಿಗೆ ಎತ್ತುವುದಕ್ಕೆ ಮುಂಚೆ ಅಲ್ಲಿರಬೇಕು. ನಾಲ್ಕೂವರೆಗೇ ಬೀಗ ಹಾಕಿ ಹೊರಡುತ್ತೇನೆ.

ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವುದಿಲ್ಲ.